ಸ್ವಂತ ಮನೆಯ ಸರದಿ

ನಮ್ಮ ಊರಿನಲ್ಲಿ ಸಾವಾದ ಮನೆಗೆ ಅನ್ನ ಕಳಿಸುತ್ತಾರೆ, ಬಾಣಂತಿಯ ಮನೆಗೆ ಕೊಬ್ಬರಿ ಕಳಿಸುತ್ತಾರೆ, ತಲೆಗೆ ಪೆಟ್ಟು ಬಿದ್ದವರಿಗೆ ಕರೆಂಟು ಕಳಿಸುತ್ತಾರೆ. ಪ್ರತಿ ಮನೆಯ ಮೀಟರಿನ ಪಕ್ಕದಲ್ಲಿ ಮರದ ಹಿಡಿಯ ಒಂದು ಸ್ವಿಚ್ಚು ಇರುತ್ತದೆ. ಸರದಿ ಬಂದ ಸಂಜೆ ಮನೆಯವರು ಅದನ್ನು ಕೆಳಕ್ಕೆ ಎಳೆದರೆ ಮನೆಯ ದೀಪ ಆರಿ, ಆ ಕರೆಂಟು ಆಸ್ಪತ್ರೆಯ ಹಿಂಬದಿ ಕೋಣೆಗೆ ಹೋಗುತ್ತದೆ. ಅಲ್ಲಿ ಡಾಕ್ಟರ್ ನಸೀಮಾ ಅವರು ಉಪ್ಪುನೀರಿನಲ್ಲಿ ಅದ್ದಿದ ಎರಡು ಸ್ಪಂಜಿನ ತುಂಡನ್ನು ಪೆಟ್ಟು ತಿಂದವರ ಹಣೆಗಿಟ್ಟು ಪಟ್ಟಿ ಕಟ್ಟಿರುತ್ತಾರೆ. ಇರುವೆ ಹರಿದಷ್ಟು ಜುಮ್ಮೆನ್ನುತ್ತದಂತೆ, ಅಷ್ಟೇ. ಕರೆಂಟು ಹರಿಯುವಾಗ ಸುಮ್ಮನೆ ಕೂರುವ ಹಾಗಿಲ್ಲ. ಅಂಗಿಯ ಗುಂಡಿ ಹಾಕಬೇಕು, ಚಿತ್ರ ನೋಡಿ ಹೆಸರು ಹೇಳಬೇಕು, ಕಳೆದುಹೋದದ್ದನ್ನು ಕೈಯಾರೆ ಹುಡುಕಬೇಕು. ಆಗ ಮಾತ್ರ ಹಿಡಿಯುತ್ತದೆ.

ಕರೆಂಟಿನ ಜೊತೆ ಮನೆಯದ್ದೂ ಒಂದಿಷ್ಟು ಹೋಗುತ್ತದೆ. ಅವತ್ತು ಮನೆಯಲ್ಲಿ ಏನಿದೆಯೋ ಅದು. ಅದಕ್ಕೇ ಸರದಿಯ ದಿನ ಯಾರೂ ಜಗಳವಾಡುವುದಿಲ್ಲ, ಬೆಳಿಗ್ಗೆಯೇ ಜಗಳ ಮುಗಿಸಿಕೊಳ್ಳುವ ಜಾಣರೂ ಇದ್ದಾರೆ. ಎಷ್ಟು ಜೋಪಾನ ಮಾಡಿದರೂ ಅಷ್ಟಿಷ್ಟು ಸೋರುತ್ತದೆ. ಹಿಂದೊಮ್ಮೆ ಲಾರಿಯಿಂದ ಬಿದ್ದ ಹಮಾಲನೊಬ್ಬ ಮಾತು ಮರಳಿದ ದಿನ ಮೊದಲು ಹೇಳಿದ್ದು, ನಮ್ಮ ಬೀದಿಯ ಬಸಕ್ಕ ಗಂಡನಿಗೆ ಗೊತ್ತಾಗದ ಹಾಗೆ ಚಕ್ಕುಲಿ ಬಚ್ಚಿಡುವುದು ರಾಗಿ ಡಬ್ಬಿಯೊಳಗೆ ಎಂದು. ಬಸಕ್ಕ ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ.

ಬೀದಿಯ ಮನೆಗಳ ಕರೆಂಟಿನಿಂದ ಮಾತು, ಲೆಕ್ಕ, ನಡಿಗೆ ಮರಳುತ್ತವೆ. ಆದರೆ ತಾನು ಯಾರು, ತನ್ನವರು ಯಾರು ಎನ್ನುವುದು ಮರಳುವುದು ಸ್ವಂತ ಮನೆಯ ಕರೆಂಟಿನಿಂದಲೇ. ಸ್ವಂತ ಮನೆ ಕೊಡುವುದು ಎಲ್ಲರದೂ ಆದ ಮೇಲೆ, ಅದೂ ಒಂದೇ ಸಲ. ಎರಡನೇ ಸಲ ಎಳೆದರೆ ದೀಪವೇನೋ ಆರುತ್ತದೆ, ಆಸ್ಪತ್ರೆಗೆ ಏನೂ ಮುಟ್ಟುವುದಿಲ್ಲ. ಯಾಕೆ ಎಂದು ಕೇಳಬೇಡಿ, ನಾವೂ ಕೇಳಿಲ್ಲ.

ನಾನು ದ್ಯಾಮಕ್ಕ, ಹಿಟ್ಟಿನ ಗಿರಣಿಯವಳು. ಗಿರಣಿಯ ಸದ್ದಿಗೆ ನನ್ನ ಕಿವಿ ಮಂದ ಎಂದು ಊರು ನಂಬಿದೆ. ನಂಬಲಿ ಬಿಡಿ, ಅದರಿಂದ ನನಗೆ ಲಾಭವೇ ಹೆಚ್ಚು. ಗಿರಣಿಯ ಗೋಡೆಗೆ ಅಂಟಿಕೊಂಡ ಮನೆ ಸಾವಂತ್ರಮ್ಮನದು. ಗಂಡ ಕೊಟ್ರಯ್ಯ ಬೋರ್ಡು ಬರೆಯುವವನು. ಊರಿನ ಅಂಗಡಿ, ಶಾಲೆ, ಕ್ಷೌರದ ಶಾಪು, ಎಲ್ಲದರ ಹಣೆಯ ಮೇಲೂ ಅವನದೇ ಕೈ. ಅವರಿಗೊಬ್ಬಳು ಮಗಳು, ಹೊನ್ನಿ. ಒಂದು ಕಡೆ ನಿಂತ ಹುಡುಗಿಯಲ್ಲ. ಕರಿಬೇವು ಕೇಳುವ ನೆಪದಲ್ಲಿ ಒಂದು ಮನೆ ಹೊಕ್ಕರೆ ಇನ್ನೊಂದು ಮನೆಯ ಹಿತ್ತಿಲಿನಿಂದ ಹೊರಗೆ ಬರುತ್ತಿದ್ದಳು. ನನ್ನ ಗಿರಣಿಗೆ ಬಂದರೆ ನೆಲದ ಮೇಲೆ ಕೂತ ಹಿಟ್ಟಿನ ದೂಳಿನಲ್ಲಿ ಬೆರಳಾಡಿಸಿ ಅಪ್ಪನ ಹಾಗೆ ಅಕ್ಷರ ಬರೆಯುವಳು. ಗುಡಿಸಬೇಡ ಅಜ್ಜೀ, ಒಣಗಲಿ, ಎನ್ನುವಳು. ಹಿಟ್ಟು ಒಣಗುವುದೆಲ್ಲಿಂದ!

ಶಾಲೆಗೆ ರಜೆ ಇದ್ದ ದಿನ ಕೊಟ್ರಯ್ಯ ಬಣ್ಣದ ಡಬ್ಬಿ ಹಿಡಿಯಲು ಮಗಳನ್ನು ಕರೆದುಕೊಂಡು ಹೋಗುತ್ತಿದ್ದ. ಒಂದು ದಿನ ಹೊಸ ಬಟ್ಟೆ ಅಂಗಡಿಯ ಬೋರ್ಡು ಬರೆಯುವಾಗ ಬಿದಿರಿನ ಅಟ್ಟಣಿಗೆ ಮುರಿಯಿತು. ಅವನು ಕಲ್ಲು ಚಪ್ಪಡಿಯ ಮೇಲೆ ಬಿದ್ದ, ಕಬ್ಬಿಣದ ಬೋರ್ಡು ಕೆಳಗೆ ನಿಂತಿದ್ದ ಮಗುವಿನ ಮೇಲೆ ಬಿತ್ತು. ಹೊನ್ನಿ ಅಲ್ಲೇ ಹೋದಳು. ಅಪ್ಪ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದಾಗ ಊರಿನವರು ಮಗಳನ್ನು ಮಣ್ಣು ಮಾಡಿ ಬಂದರು. ಸಾವಂತ್ರಮ್ಮ ಮಗಳ ಗುಂಡಿಯಿಂದ ಗಂಡನ ಮಂಚಕ್ಕೆ, ಮಂಚದಿಂದ ಗುಂಡಿಗೆ ಓಡಾಡಿದಳು.

ಕೊಟ್ರಯ್ಯ ಕಣ್ಣು ತೆರೆದಾಗ ಹೆಂಡತಿಯನ್ನು ನೋಡಿ, "ಅಕ್ಕಾ, ನೀರು" ಎಂದ. ಅವಳು ನೀರು ಕುಡಿಸಿ ಹೊರಗೆ ಬಂದು ಕಂಬ ಹಿಡಿದು ನಿಂತಳು. ಬೆಳಗಾದರೆ ಅಕ್ಷರದಲ್ಲೇ ಬದುಕುತ್ತಿದ್ದ ಮನುಷ್ಯನಿಗೆ ಒಂದು ಅಕ್ಷರವೂ ಉಳಿದಿರಲಿಲ್ಲ. ಅಂಗಿಯ ಗುಂಡಿ ಯಾವುದು, ತೂತು ಯಾವುದು ಎಂದು ತಿಳಿಯದೆ ಎರಡನ್ನೂ ಹಿಡಿದು ಅಳುತ್ತಿದ್ದ.

ಬೀದಿಯ ಸರದಿ ಶುರುವಾಯಿತು. ನಾವೆಲ್ಲ ಕೊಟ್ಟೆವು. ಸಂಜೆ ಒಂದೊಂದೇ ಮನೆ ಕತ್ತಲಾಗುತ್ತಿತ್ತು, ಆ ಮನೆಯವರು ಜಗಲಿಯ ಮೇಲೆ ಹಣತೆ ಇಟ್ಟುಕೊಂಡು ಮೆಲ್ಲಗೆ ಮಾತಾಡುತ್ತ ಕೂರುತ್ತಿದ್ದರು. ಪೆಟ್ಟು ತಿಂದವನಿಗೆ ದುಃಖ ಮುಟ್ಟದಿರಲೆಂದು ಹೊನ್ನಿಯ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಬಳೆ ಮಾರುವ ಫಾತಿಮಾಬಿಯ ಮನೆ ಕೊಟ್ಟ ಮೇಲೆ ಕೊಟ್ರಯ್ಯನಿಗೆ ಬಣ್ಣಗಳ ಹೆಸರು ಬಂತು. ನನ್ನ ಗಿರಣಿ ಕೊಟ್ಟ ಮೇಲೆ ಬೆರಳುಗಳು ಹಿಡಿತಕ್ಕೆ ಬಂದವು. ಏನು ಮುಟ್ಟಿದರೂ ಹೆಬ್ಬೆರಳಿನಲ್ಲಿ ಉಜ್ಜಿ ನುಣುಪು ನೋಡುವ ನನ್ನ ಚಾಳಿಯೂ ಅಂಟಿಕೊಂಡಿತು. ಬಸಕ್ಕ ಈ ಸಲ ಡಬ್ಬಿಯನ್ನೇ ತವರಿಗೆ ಸಾಗಿಸಿ ಆಮೇಲೆ ಸ್ವಿಚ್ಚು ಎಳೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ನಡೆಯುತ್ತಿದ್ದ, ಓದುತ್ತಿದ್ದ, ಕೈ ನಡುಗಿದರೂ ಬರೆಯುತ್ತಿದ್ದ. ಸಾವಂತ್ರಮ್ಮನನ್ನು ಮಾತ್ರ ಅಕ್ಕಾ ಎಂದೇ ಕರೆಯುತ್ತಿದ್ದ.

ಉಳಿದದ್ದು ಸ್ವಂತ ಮನೆ. ಡಾಕ್ಟರ್ ನಸೀಮಾ ಅವಳನ್ನು ಕರೆದು ಕೂರಿಸಿಕೊಂಡು, "ನೋಡಿ, ಮನೆ ಹೇಗಿದೆಯೋ ಹಾಗೇ ಕೊಡಿ. ಗುಡಿಸಿ, ಸಾರಿಸಿ, ಬೇಡ ಅನ್ನಲ್ಲ. ಆದ್ರೆ ಏನನ್ನೂ ತೆಗೀಬೇಡಿ" ಎಂದರು. ಅವಳು ತಲೆಯಾಡಿಸಿ ಎದ್ದು ಬಂದಳು. ಬಂದವಳು ನೇರ ಗಿರಣಿಗೆ ಬಂದು ಜೋಳದ ಮೂಟೆಯ ಮೇಲೆ ಕೂತಳು.

"ದ್ಯಾಮಕ್ಕಾ, ಅವ್ಳನ್ನ ಕರ್ಕೊಂಡು ಹೋಗಿದ್ದು ಅವ್ರೇ. ಅದು ನೆನಪಾದ್ರೆ ಆವತ್ತೇ ಎದೆ ಒಡ್ಕೊಂಡು ಹೋಗ್ಬಿಡ್ತಾರೆ. ಒಬ್ಳನ್ನ ಮಣ್ಣಿಗೆ ಕೊಟ್ಟಿದೀನಿ. ಇನ್ನೊಬ್ರನ್ನ ಕೊಡೋ ಶಕ್ತಿ ನಂಗಿಲ್ಲ."

"ಅದಕ್ಕೆ ಏನ್ಮಾಡ್ತೀಯೇ?"

"ಮನೇಲಿ ಅವ್ಳು ಇಲ್ದಂಗೆ ಮಾಡ್ತೀನಿ. ಅವ್ಳು ಸತ್ತಿದ್ದು ಅವ್ರಿಗೆ ಗೊತ್ತಾಗ್ಬಾರ್ದು, ಅಷ್ಟೇ. ಒಂದಿನ, ಗಟ್ಟಿ ಆದ್ಮೇಲೆ, ನಿಧಾನಕ್ಕೆ ನಾನೇ ಹೇಳ್ತೀನಿ."

ಹೆತ್ತ ಕರುಳಿನ ಲೆಕ್ಕ ನನಗೇನು ಗೊತ್ತು? ನಾನು ಹೂಂ ಎಂದೆ. ಸಾವಂತ್ರಮ್ಮ ಮಗಳ ಲಂಗ, ರಿಬ್ಬನ್ನು, ಸ್ಲೇಟು, ಪಾಟೀಚೀಲ ಎಲ್ಲವನ್ನೂ ಗಂಟು ಕಟ್ಟಿ ತಂಗಿಯ ಊರಿಗೆ ಕಳಿಸಿದಳು. ಹೊನ್ನಿ ಎತ್ತರ ಅಳೆದುಕೊಂಡು ಗೆರೆ ಎಳೆದಿದ್ದ ಬಾಗಿಲವಾಡಕ್ಕೆ ಹೊಸ ಹಸಿರು ಬಣ್ಣ ಹೊಡೆಸಿದಳು. ಗೋಡೆಯ ಫೋಟೋ ಇಳಿಸಿ ಆ ಜಾಗದಲ್ಲಿ ಕ್ಯಾಲೆಂಡರ್ ತೂಗುಹಾಕಿದಳು. ಅಪ್ಪ ಮಾಡಿಸಿಕೊಟ್ಟ ಪುಟ್ಟ ಕುರ್ಚಿಯೊಂದಿತ್ತು, ಬೆನ್ನಿನ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಹೊನ್ನಿ ಎಂದು ಬರೆದದ್ದು. ಅದನ್ನು ದೂರ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಗಿರಣಿಯ ಮೂಲೆಯಲ್ಲಿ ಮೂಟೆಗಳ ಹಿಂದೆ ಇಟ್ಟು ಹೋದಳು.

ಅಳುವುದನ್ನೂ ಮನೆಯಿಂದ ಹೊರಗೆ ಹಾಕಿದಳು. ಅಳು ಬಂದಾಗಲೆಲ್ಲ ಒಂದು ಪಾವು ಅಕ್ಕಿಯನ್ನೋ ಗೋಧಿಯನ್ನೋ ಮೊರದಲ್ಲಿ ಹಿಡಿದು ಗಿರಣಿಗೆ ಬರುತ್ತಿದ್ದಳು. ನಾನು ಬೆಲ್ಟು ಹಾಕಿ ಗಿರಣಿ ಓಡಿಸುತ್ತಿದ್ದೆ. ಕಲ್ಲು ತಿರುಗುವಾಗ ಅಲ್ಲಿ ಎಷ್ಟು ಜೋರಾಗಿ ಅತ್ತರೂ ಹೊರಗೆ ಕೇಳುವುದಿಲ್ಲ. ಅವಳು ಆ ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಾಯಿಬಿಟ್ಟು ಅಳುತ್ತಿದ್ದಳು, ನಾನು ಕಾಳು ಮುಗಿದ ಮೇಲೂ ಕಲ್ಲು ತಿರುಗಿಸುತ್ತ ನಿಂತಿರುತ್ತಿದ್ದೆ. ಆಮೇಲೆ ಮುಖ ಒರೆಸಿಕೊಂಡು, ಹಿಟ್ಟು ತೆಗೆದುಕೊಂಡು, ನಗುಮುಖದಲ್ಲಿ ಮನೆಗೆ ಹೋಗುತ್ತಿದ್ದಳು.

ಹೊನ್ನಿಯ ಹೆಸರೆತ್ತಬೇಡಿ ಎಂದು ಬೀದಿಯವರ ಕೈ ಹಿಡಿದು ಕೇಳಿಕೊಂಡಳು. ಯಾರೂ ಎತ್ತಲಿಲ್ಲ. ಊರ ಬಾಯಿ ಮುಚ್ಚುವವರಾರು ಅನ್ನುತ್ತಾರಲ್ಲ, ಆ ತಾಯಿ ಮುಚ್ಚಿಸಿದಳು.

ಸರದಿಯ ಸಂಜೆ ಅವಳು ಶ್ಯಾವಿಗೆ ಪಾಯಸ ಮಾಡಿ, ತಲೆ ಬಾಚಿ, ಹೂ ಮುಡಿದು ಸ್ವಿಚ್ಚು ಎಳೆದಳು. ದೀಪ ಮತ್ತೆ ಬಂದ ಸ್ವಲ್ಪ ಹೊತ್ತಿಗೆ ಕೊಟ್ರಯ್ಯ ಯಾರ ಕೈಯನ್ನೂ ಹಿಡಿಯದೆ ಬೀದಿಯಲ್ಲಿ ನಡೆದು ಬಂದ. ಹೊಸ್ತಿಲಲ್ಲಿ ನಿಂತು ಬಾಗಿಲವಾಡ ಮುಟ್ಟಿ ನೋಡಿ, "ಸಾವಂತ್ರೀ, ಈ ದರಿದ್ರದ ಹಸಿರು ಯಾರು ಹೊಡೆದಿದ್ದು? ನಾನಿರೋವಾಗ ನನ್ ಬಾಗಿಲಿಗೆ ಇನ್ನೊಬ್ಬ ಬಣ್ಣ ಹೊಡೀತಾನಾ?" ಎಂದ. ಬೈಗುಳ ಕೇಳಿ ಯಾವ ಹೆಂಗಸೂ ಅಷ್ಟು ಸಂತೋಷಪಟ್ಟಿರಲಿಕ್ಕಿಲ್ಲ. ನಾವೆಲ್ಲ ಕಣ್ಣೊರೆಸಿಕೊಂಡು ಪಾಯಸ ಕುಡಿದೆವು.

ಕೊಟ್ರಯ್ಯ ಮದುವೆಯ ದಿನ ನೆನೆಸಿದ, ಸತ್ತ ತಾಯಿಯನ್ನು ನೆನೆಸಿದ, ಫಾತಿಮಾಬಿ ಬೋರ್ಡಿನಲ್ಲಿ ಬಳೆಯ ಚಿತ್ರ ಸಣ್ಣದಾಯಿತೆಂದು ತಕರಾರು ತೆಗೆದದ್ದನ್ನೂ ನೆನೆಸಿದ. ಮಗಳೆಲ್ಲಿ ಎಂದು ಕೇಳಲಿಲ್ಲ. ಮೊದಮೊದಲು ಸಾವಂತ್ರಮ್ಮ ಸದ್ಯ, ಬಚಾವಾದೆ ಎಂದುಕೊಂಡಳು. ಕೇಳಿದರೆ ಏನು ಹೇಳಬೇಕೆಂದು ದಿನವೂ ಮನಸ್ಸಿನಲ್ಲೇ ಹೊಂದಿಸಿಕೊಂಡು ಕಾದಳು. ಅವನು ಕೇಳಲೇ ಇಲ್ಲ. ಬೆಳಿಗ್ಗೆ ಸಿಳ್ಳೆ ಹಾಕುತ್ತ ಬ್ರಷ್ ತೊಳೆಯುವನು, ಕೆಲಸಕ್ಕೆ ಹೋಗುವನು, ಬರುವನು.

ಒಂದು ಮಧ್ಯಾಹ್ನ ಕೈಯ ರೂಢಿ ತಪ್ಪದೆ ಅವಳು ಮೂರು ತಟ್ಟೆ ಹಾಕಿದಳು. "ಯಾರು ಬರ್ತಾರೆ?" ಎಂದ. ಅವಳು ಮೂರನೆಯದನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಅವನಿಗೆ ಏನೋ ಹೊಳೆದ ಹಾಗಾಯಿತು. ಎದ್ದು ಬಂದು ಭುಜದ ಮೇಲೆ ಕೈಯಿಟ್ಟು, "ಗೊತ್ತಾಗುತ್ತೆ ನಂಗೆ. ದೇವ್ರು ನಮ್ಗೆ ಮಕ್ಕಳು ಕೊಡ್ಲಿಲ್ಲ. ಹೋಗ್ಲಿ ಬಿಡು ಸಾವಂತ್ರೀ. ನಿಂಗೆ ನಾನು, ನಂಗೆ ನೀನು" ಎಂದ.

ಅವಳು ಮೊರವನ್ನೂ ಹಿಡಿಯದೆ ಗಿರಣಿಗೆ ಓಡಿ ಬಂದಳು. "ಸತ್ತಿದ್ದನ್ನ ಮಾತ್ರ ಮರೆಸೋಣ ಅಂತ ಹೋದೆ ಕಣಕ್ಕಾ. ಹುಟ್ಟಿದ್ದೂ ಹೋಯ್ತು. ಅವ್ಳು ಹುಟ್ಟೇ ಇಲ್ಲ ಅವ್ರ ಪಾಲಿಗೆ. ನಾನೊಬ್ಳೇ ಆದ್ನಲ್ಲ ಅವ್ಳಿಗೆ" ಎಂದು ತಲೆ ಚಚ್ಚಿಕೊಂಡಳು. ಬೆಲ್ಟು ಹಾಕುವುದೂ ನನಗೆ ಮರೆತುಹೋಯಿತು.

ಅವಳು ಅಲ್ಲಿರುವಾಗಲೇ ಹೆಂಡತಿಯನ್ನು ಹುಡುಕಿಕೊಂಡು ಕೊಟ್ರಯ್ಯ ಬಂದ. ಅಳುತ್ತಿದ್ದವಳನ್ನು ಸಮಾಧಾನ ಮಾಡಲು ಬಂದವನ ಕಣ್ಣು ಮೂಟೆಗಳ ಹಿಂದೆ ಹೋಯಿತು. ಕುರ್ಚಿಯನ್ನು ಎಳೆದು ಬೆಳಕಿಗೆ ಹಿಡಿದ. ಮೇಲೆ ಕೂತಿದ್ದ ಹಿಟ್ಟನ್ನು ಅಂಗೈಯಲ್ಲಿ ಒರೆಸಿದ.

"ಇದು ನನ್ ಕೈಬರಹ. ಒತ್ತಿನ ಬಾಲ ಹಿಂಗೆ ಎಳೆಯೋನು ಈ ಊರಲ್ಲಿ ನಾನೊಬ್ನೇ. ಯಾವ ಗಿರಾಕಿದು ದ್ಯಾಮಕ್ಕಾ?"

ನಾನು ಸಾವಂತ್ರಮ್ಮನ ಮುಖ ನೋಡಿದೆ. ಅವಳು ಸೆರಗು ಕಚ್ಚಿಕೊಂಡಿದ್ದಳು. "ಯಾರೋ ಬಿಟ್ಟೋಗಿದಾರಪ್ಪ" ಎಂದೆ.

"ಬಹಳ ಮುತುವರ್ಜಿಯಿಂದ ಬರ್ದಿದೀನಿ. ಮೂರು ಕೋಟು ಬಣ್ಣ ಕೊಟ್ಟಿದೀನಿ ನೋಡಿ. ಬೇಕಾದೋರೇ ಇರ್ಬೇಕು" ಎಂದು ಅವನು ಅದನ್ನು ಹುಷಾರಾಗಿ ಮತ್ತೆ ಮೂಲೆಯಲ್ಲಿಟ್ಟ.

ಮಾರನೆಯ ದಿನ ನಾನೂ ಅವಳೂ ಡಾಕ್ಟರ್ ನಸೀಮಾ ಅವರ ಹತ್ತಿರ ಹೋದೆವು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನೇ ಕೂರಿಸ್ಕೊಂಡು ಹೇಳ್ಬಿಡ್ಲಾ ಡಾಕ್ಟ್ರೇ? ಹಿಂಗೊಬ್ಳು ಇದ್ಲು, ಹಿಂಗಾಯ್ತು ಅಂತ?" ಎಂದು ಸಾವಂತ್ರಮ್ಮ ಕೇಳಿದಳು.

"ಹೇಳಬಹುದು. ಆದ್ರೆ ಒಳಗೆ ಅವಳು ಒಂದು ಚೂರೂ ಇಲ್ಲದೇ ಹೇಳಿದ್ರೆ ಅದು ಸುದ್ದಿ ಆಗುತ್ತೆ, ಮಗಳು ಆಗಲ್ಲ. ಅಯ್ಯೋ ಪಾಪ ಅಂತಾರೆ. ನಿಮಗೇ ಸಮಾಧಾನ ಹೇಳ್ತಾರೆ."

"ಹಂಗಾದ್ರೆ ಮಗಳನ್ನ ಎಲ್ಲಿಂದ ತರ್ಲಿ? ನಮ್ಮನೆ ಮುಗೀತಲ್ಲ!"

ನನಗೆ ಯಾಕೋ ಕೋಪವೇ ಬಂತು. "ಅಲ್ಲಾ, ಆ ಹುಡ್ಗಿ ನಿಮ್ಮನೇಲಿ ಇರ್ತಿದ್ದಿದ್ದೇ ಉಣ್ಣೋಕೆ, ಮಲಗೋಕೆ. ಮಿಕ್ಕಿದ್ದೆಲ್ಲ ನಮ್ಮನೆಗಳಲ್ಲೇ ಅಲ್ವೇನೇ ಇರ್ತಿದ್ದಿದ್ದು?" ಎಂದೆ.

ಡಾಕ್ಟರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ಬೀದಿ ಮನೆಗಳು ಎಷ್ಟು ಸಲ ಬೇಕಾದ್ರೂ ಕೊಡಬಹುದು" ಎಂದರು. "ಆದ್ರೆ ಅವರ ಮನೆಗಳಿಂದ ಬರೋಳು ಅವರು ಕಂಡ ಹುಡುಗಿ. ಇವರ ಮಗಳು ಅಂತ ಹೇಳೋ ಕೆಲಸ ಕರೆಂಟು ಮಾಡಲ್ಲ. ಅದು ನಿಮ್ದೇ, ಸಾವಂತ್ರಮ್ಮ."

ಕೈ ನಡುಕಕ್ಕೆ ಇನ್ನೂ ಸ್ವಲ್ಪ ಕರೆಂಟು ಬೇಕು ಎಂದು ಕೊಟ್ರಯ್ಯನನ್ನು ಒಪ್ಪಿಸಿದರು. ನಡುಕ ಇದ್ದದ್ದೂ ನಿಜವೇ. ಮತ್ತೆ ಸರದಿ ಬಂತು. ಈ ಸಲ ಯಾರೂ ಮನೆಯನ್ನು ಚಂದ ಮಾಡಲಿಲ್ಲ. ಮುಚ್ಚಿಟ್ಟ ಬಾಯಿಗಳನ್ನು ತೆರೆಯಬೇಕಿತ್ತು. ಬಸಕ್ಕ ಸಂಜೆಗೆ ಮೊದಲು ಗಂಡನನ್ನು ಎದುರಿಗೆ ಕೂರಿಸಿಕೊಂಡು, "ಆ ಚಕ್ಕುಲಿ ನಾನು ಬಚ್ಚಿಡ್ತಿದ್ದಿದ್ದು ನಿಮ್ಮಿಂದ ಅಲ್ಲ ಕಣ್ರೀ, ಹೊನ್ನಿಗೆ. ಬಾಗಿಲು ತಳ್ಕೊಂಡು ಬರೋಳು, ಡಬ್ಬಿ ಅಲ್ಲಾಡ್ಸೋಳು" ಎಂದು ಗೊಳೋ ಎಂದು ಅತ್ತು, ಅತ್ತ ಕಣ್ಣಿನಲ್ಲೇ ಸ್ವಿಚ್ಚು ಎಳೆದಳು. ಫಾತಿಮಾಬಿ ಹೊನ್ನಿಯ ಅಳತೆಯ ಬಳೆಗಳನ್ನು ಹುಡುಕಿ ತೆಗೆದು ಹಣತೆಯ ಮುಂದೆ ಸುರಿದುಕೊಂಡು ಕೂತಳು. ಹಸಿರೇ ಬೇಕು ಎಂದು ಹಠ ಮಾಡಿ, ಕೊಟ್ಟ ಮೇಲೆ ಕೆಂಪು ಕೇಳುತ್ತಿದ್ದದ್ದನ್ನು ಹೇಳಿ ನಕ್ಕಳು, ನಗು ಅರ್ಧಕ್ಕೇ ನಿಂತಿತು. ಆ ದಿನಗಳಲ್ಲಿ ಕತ್ತಲಾದ ಯಾವ ಮನೆಯ ಜಗಲಿಯಲ್ಲೂ ಆ ಹುಡುಗಿಯದೇ ಮಾತು. ಸತ್ತ ಮಗುವಿಗೆ ಊರು ಅತ್ತದ್ದು ಆಗಲೇ.

ಕೊನೆಯದು ನನ್ನ ಗಿರಣಿ. ನೆಲದ ಹಿಟ್ಟನ್ನು ಗುಡಿಸದೆ ಬಿಟ್ಟಿದ್ದೆ. ಅಲ್ಲಿ ಮಗಳ ಬೆರಳಿತ್ತು, ತಾಯಿಯ ಅಳುವೂ ಇತ್ತು. ಎಲ್ಲ ಹೋಗಲಿ ಎಂದು ಎರಡೂ ಕೈಯಿಂದ ಹಿಡಿ ಎಳೆದೆ.

ಆಸ್ಪತ್ರೆಯ ಕೋಣೆಯಲ್ಲಿ ಅವನು ಸ್ಲೇಟಿನ ಮೇಲೆ ಗೆರೆ ತಿದ್ದುತ್ತಿದ್ದನಂತೆ. ಇದ್ದಕ್ಕಿದ್ದ ಹಾಗೆ ಕಣ್ಣಿನಿಂದ ನೀರು ಇಳಿಯತೊಡಗಿತಂತೆ. ಉರಿ ಆಗ್ತಿದೆಯಾ ಎಂದು ಡಾಕ್ಟರು ಕೇಳಿದರೆ, "ಇಲ್ಲ, ಯಾರೋ ಅಳ್ತಿದಾರೆ. ಯಾರು ಅಂತ ಗೊತ್ತಾಗ್ತಿಲ್ಲ" ಎಂದನಂತೆ.

ಮಾರನೆಯ ದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಜಗಲಿಯ ಮೇಲೆ ಕೂತು ಬೀದಿಯ ಆ ತುದಿ, ಈ ತುದಿ ನೋಡುತ್ತಿದ್ದ. ಸಾವಂತ್ರಮ್ಮ ಒಳಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಗಿರಣಿಯ ಬಾಗಿಲಲ್ಲಿ ಜರಡಿ ಹಿಡಿದಿದ್ದೆ. ಹೊತ್ತು ಇಳಿಯುತ್ತಿತ್ತು.

"ಸಾವಂತ್ರೀ, ಈ ಬೀದೀಲಿ ಒಂದು ಹುಡ್ಗಿ ಇತ್ತಲ್ಲ? ಕರಿಬೇವು ಕೇಳ್ಕೊಂಡು ಬರ್ತಿತ್ತು. ಬಸಕ್ಕನ ಮನೇಲಿ ಡಬ್ಬಿ ಅಲ್ಲಾಡಿಸ್ತಿತ್ತು. ಹಿಟ್ಟಲ್ಲಿ ಅಕ್ಷರ ಬರೀತಿತ್ತು. ಒತ್ತಿನ ಬಾಲ ನನ್ ಥರಾನೇ ಎಳೀತಿತ್ತು, ಯಾರು ಹೇಳ್ಕೊಟ್ಟಿದ್ರೋ. ಎಲ್ಲಾರ ಮನೇಲೂ ಇರ್ತಿತ್ತು. ನಮ್ಮನೆಗ್ಯಾಕೆ ಬರ್ತಿರ್ಲಿಲ್ಲ?"

ಅವಳ ಕೈಯಲ್ಲಿದ್ದ ಕಾಯಿ ಅಲ್ಲೇ ಉಳಿಯಿತು.

"ಈಗ ಕಾಣ್ಸೋದೇ ಇಲ್ವಲ್ಲ" ಎಂದು ಅವನು ಮತ್ತೆ ಬೀದಿಯ ಕಡೆ ನೋಡಿದ. "ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ. ಯಾಕೋ ನೋಡ್ಬೇಕು ಅನ್ಸುತ್ತೆ. ಯಾರ ಮಗಳು ಅದು?"

ಸಾವಂತ್ರಮ್ಮ ಎದ್ದಳು. ನನ್ನನ್ನು ದಾಟಿಕೊಂಡು ಗಿರಣಿಯೊಳಗೆ ಹೋಗಿ, ಮೂಟೆಗಳ ಹಿಂದಿನಿಂದ ಕುರ್ಚಿಯನ್ನು ಎತ್ತಿಕೊಂಡು ಬಂದಳು. ಮಗುವನ್ನು ಎತ್ತಿಕೊಳ್ಳುವ ಹಾಗೆ ಸೊಂಟದ ಮೇಲೆ ಎತ್ತಿಕೊಂಡಿದ್ದಳು. ಜಗಲಿಯ ಮೇಲೆ ಅವನ ಮುಂದೆ ಇಟ್ಟು, ಪಕ್ಕದಲ್ಲಿ ಕೂತಳು.

"ಯಾವ ಗಿರಾಕಿದು ಅಂತ ಕೇಳಿದ್ರಲ್ಲ."

ಅವನು ಕುರ್ಚಿಯನ್ನು ನೋಡಿದ. ಅವಳ ಮುಖ ನೋಡಿದ. ಬೆರಳು ಅಕ್ಷರದ ಮೇಲೆ ಹೋಯಿತು, ಹೊ ಮುಗಿಸಿ ನ್ನಿಯ ಒತ್ತಿನ ಬಾಲದ ತನಕ ಬಂದು ನಿಂತಿತು.

"ನಮ್ದಾ?" ಎಂದ.

"ನಮ್ದು. ನಿಮ್ದೂ ನಂದೂ."

"ಎಲ್ಲಿದಾಳೆ?"

ಅವಳು ಹೇಳಿದಳು. ಅಟ್ಟಣಿಗೆಯಿಂದ ಮಣ್ಣಿನ ತನಕ ಒಂದನ್ನೂ ಬಿಡದೆ ಹೇಳಿದಳು. ನೀವು ಕರ್ಕೊಂಡು ಹೋಗಿದ್ರಿ ಎನ್ನುವುದನ್ನೂ, ಮನೆಯಿಂದ ಅವಳನ್ನ ತೆಗೆದುಹಾಕಿದ್ದು ನಾನು ಎನ್ನುವುದನ್ನೂ ಹೇಳಿದಳು. ಅವನು ಅಯ್ಯೋ ಪಾಪ ಎನ್ನಲಿಲ್ಲ. ಅವಳಿಗೆ ಸಮಾಧಾನ ಹೇಳಲಿಲ್ಲ. ಕುರ್ಚಿಯನ್ನು ಎದೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿದ. ಆಮೇಲೆ ಅವನ ಗಂಟಲಿನಿಂದ ಬಂದ ಸದ್ದು ನಾನು ಯಾವ ಗಂಡಸಿನಿಂದಲೂ ಕೇಳಿದ್ದಲ್ಲ. ಸಾವಂತ್ರಮ್ಮ ಅವನ ಬೆನ್ನಿನ ಮೇಲೆ ತಲೆಯಿಟ್ಟು, ಬಟ್ಟಬಯಲಿನಲ್ಲಿ, ತನ್ನ ಮನೆಯ ಮುಂದೆಯೇ ಕೂಗಿ ಅತ್ತಳು. ಇಷ್ಟು ದಿನ ಒಬ್ಬಳೇ ಅತ್ತಿದ್ದಳಲ್ಲ.

ನನ್ನ ಕೈ ತಾನಾಗಿ ಬೆಲ್ಟಿನ ಕಡೆ ಹೋಯಿತು, ಸದ್ದು ಮಾಡಿ ಮುಚ್ಚೋಣವೆಂದು. ಬೇಡ ಎನಿಸಿ ಬಿಟ್ಟೆ. ಅವರು ಅಳುವುದು ಕೇಳಲಿ.

ಸಂಜೆಯಾಯಿತು, ಕತ್ತಲೂ ಆಯಿತು. ಅವತ್ತು ಯಾವ ಮನೆಯ ಸರದಿಯೂ ಅಲ್ಲ. ಆದರೂ ನಮ್ಮ ಬೀದಿಯಲ್ಲಿ ಒಬ್ಬರೂ ದೀಪ ಹಾಕಲಿಲ್ಲ.